ನೆಟ್ ಬಂದ್ರೆ ಇದೆ

“ಆಟ ಎಲ್ಲಿ ಮಾವ?”

“ಇದೆ ಮಗ. ನೆಟ್ ಬಂದ್ರೆ ಇದೆ.”

ಈ ವಾರ ವಿರಾಜಪೇಟೆ ಕಡೆಯ ಒಂದು ತೋಟದ ಮನೆಯಲ್ಲಿ ಕೇಳಿದ ಮಾತು ಇಷ್ಟೇ. ಕಕ್ಕಡ ಮಾಸದ ಮಳೆ. ಎಲ್ಲೋ ಮರ ಬಿದ್ದು ಲೈನ್ ಹೋಗಿತ್ತು. ಇನ್ವರ್ಟರಿನಲ್ಲಿ ಟಿವಿ ನಡೆಯುತ್ತಿತ್ತು, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇರಲಿಲ್ಲ. ದುಬೈಯಿಂದ ಬಂದ ನೆಂಟರು ತಂದುಕೊಟ್ಟ, ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್ 2ರ ‘ಸ್ಟ್ರೀಟ್ ಫೈಟರ್ 6’ ಆಟದ ಡಬ್ಬಿಯನ್ನು ಹುಡುಗ ಒಡೆದ, ಕಾರ್ಡ್ ಹಾಕಿದ. ಪರದೆಯ ಮೇಲೆ ಬಂದದ್ದು ಆಟವಲ್ಲ, ಡೌನ್‌ಲೋಡ್ ಮಾಡಿಕೊಳ್ಳಿ ಎಂಬ ಸೂಚನೆ.

ಆ ಮನೆಯ ಕಪಾಟಿನಲ್ಲಿ ತೊಂಬತ್ತರ ದಶಕದ ಟಿವಿ ಗೇಮಿನ ಕ್ಯಾಸೆಟ್‌ಗಳಿಂದ ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ಡಿಸ್ಕ್‌ಗಳವರೆಗೆ ಸಾಲಾಗಿ ಇವೆ. ಕೊಡಗಿನ ಇಷ್ಟು ಮಳೆಗಾಲಗಳನ್ನು ದಾಟಿಸಿ ಅಷ್ಟನ್ನೂ ಬದುಕಿಸಿಕೊಂಡವರು ಆ ಮನೆಯ ಯಜಮಾನರು, ಹುಡುಗನ ಮಾವ. ಅಂಥವರು “ಇದೆ” ಎನ್ನುವಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಮುಜುಗರವಿತ್ತು. ಬೇರೆ ಯಾರೋ ಖಾಲಿ ಬಿಟ್ಟದ್ದಕ್ಕೆ ಮಗುವಿನ ಮುಂದೆ ಇವರು ಸಮಾಧಾನ ಹೇಳಬೇಕಾಯಿತು. ಅದೇ ಮಾತು ಇನ್ನೂ ಕಿವಿಯಲ್ಲಿದೆ.

ಆ ಡಬ್ಬಿಯಲ್ಲಿ ಇದ್ದದ್ದು ‘ಗೇಮ್-ಕೀ ಕಾರ್ಡ್’. 2025ರ ಜೂನ್ 5ರಂದು ಸ್ವಿಚ್ 2 ಬಂದಾಗಲೇ ಇದೂ ಬಂತು. ನೋಡಲು ಮಾಮೂಲಿ ಕಾರ್ಡ್, ಆದರೆ ಒಳಗೆ ಆಟದ ದತ್ತಾಂಶವೇ ಇಲ್ಲ, ಬೀಗದ ಕೈ ಮಾತ್ರ. ಪೂರ್ತಿ ಆಟ ನಿಂಟೆಂಡೊ ಸರ್ವರಿನಿಂದ ಇಳಿಯಬೇಕು. ಮೊದಲ ಸಲ ತೆರೆಯಲು ನೆಟ್ ಬೇಕೇ ಬೇಕು. ಆಮೇಲೆ ನೆಟ್ ಬೇಡ, ಆದರೆ ಪ್ರತಿ ಸಲ ಆಡುವಾಗ ಕಾರ್ಡ್ ಒಳಗಿರಬೇಕು. ಒಂದು ಒಳ್ಳೆಯ ಗುಣ ಒಪ್ಪಬೇಕು: ಇದು ಯಾರ ಖಾತೆಗೂ ಅಂಟಿಕೊಳ್ಳುವುದಿಲ್ಲ, ಮಾರಬಹುದು, ಗೆಳೆಯರಿಗೆ ಕೊಡಬಹುದು. ಡಬ್ಬಿಯೊಳಗೆ ಬರೀ ಕೋಡ್ ಬರೆದ ಚೀಟಿ ಇಟ್ಟು ಮಾರುವುದಕ್ಕಿಂತ ಎಷ್ಟೋ ಮೇಲು. ಕೋಡ್ ಒಮ್ಮೆ ಹಾಕಿದ ಮೇಲೆ ಆ ಡಬ್ಬಿ ಬರೀ ಪ್ಲಾಸ್ಟಿಕ್.

ಈ ಆಟದ ತೂಕ ಸುಮಾರು 50 ಜಿಬಿ. ಹತ್ತು ಎಂಬಿಪಿಎಸ್ ವೇಗ ಒಂದೇ ಸಮನೆ ಸಿಕ್ಕರೂ ಹನ್ನೊಂದು ಗಂಟೆ ಬೇಕು. ನಾಲ್ಕು ಎಂಬಿಪಿಎಸ್ ಆದರೆ ಒಂದು ಹಗಲು ಒಂದು ರಾತ್ರಿ ದಾಟುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ನಂಬಿದವರಿಗೆ ಇಪ್ಪತ್ತೈದು ದಿನ. ಯಂತ್ರದ ಒಳಗಿನ ಜಾಗ 256 ಜಿಬಿ, ಅದು ತುಂಬಿದರೆ ಹಳೆಯ ಮೆಮೊರಿ ಕಾರ್ಡ್ ನಡೆಯದು, ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು. ಕಾರ್ಡಿನಲ್ಲಿ ಜಾಗ ಸಾಲದು ಎಂಬ ಸಮಜಾಯಿಷಿ ಪೂರ್ತಿ ಸರಿಯಲ್ಲ. ಇದೇ ಯಂತ್ರಕ್ಕೆ ‘ಸೈಬರ್‌ಪಂಕ್ 2077’ 64 ಜಿಬಿ ಕಾರ್ಡಿನಲ್ಲಿ ಇಡಿಯಾಗಿ ಬಂದಿದೆ. ಮನಸ್ಸು ಮಾಡಿದರೆ ಆಗುತ್ತದೆ, ಖರ್ಚು ಮಾಡಬೇಕು ಅಷ್ಟೇ.

“ಎಲ್ಲ ಆನ್‌ಲೈನಲ್ಲೇ ಸಿಗ್ತದಲ್ಲ ಭಾವ, ಈ ಡಬ್ಬಿಗಳೆಲ್ಲ ಯಾಕೆ?” ಎಂದರು ಹುಡುಗನ ಅಪ್ಪ. ಬೆಂಗಳೂರಿನಲ್ಲಿ ಫೈಬರ್ ಲೈನ್ ಇಟ್ಟುಕೊಂಡವರ ಪ್ರಶ್ನೆ ಅದು. ಒಳ್ಳೆಯ ಮನುಷ್ಯರೇ, ಕೇಳಿದ್ದರಲ್ಲಿ ಕುಹಕವೂ ಇರಲಿಲ್ಲ. ಆದರೆ ಆ ಹೊತ್ತಿಗೆ ಅವರ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ.

ನೆಟ್ ಇಂದಲ್ಲ ನಾಳೆ ಬರುತ್ತದೆ, ಸರಿ. ಅದು ಬಂದ ಮೇಲೂ ಆಟ ಅಲ್ಲಿರಬೇಕಲ್ಲ? ನಿಂಟೆಂಡೊದ ಹಳೆಯ ಯಂತ್ರ ವೀಯ ಆನ್‌ಲೈನ್ ಅಂಗಡಿ 2019ರ ಜನವರಿ 30ಕ್ಕೆ ಮುಚ್ಚಿತು. 3ಡಿಎಸ್ ಮತ್ತು ವೀ ಯು ಯಂತ್ರಗಳ ಇ-ಶಾಪ್‌ನಲ್ಲಿ 2023ರ ಮಾರ್ಚ್ 27ರಿಂದ ಏನನ್ನೂ ಕೊಳ್ಳುವಂತಿಲ್ಲ. ಎಕ್ಸ್‌ಬಾಕ್ಸ್ 360ರ ಅಂಗಡಿಗೆ 2024ರ ಜುಲೈ 29ಕ್ಕೆ ಬೀಗ ಬಿತ್ತು. ಪಿಎಸ್3 ಮತ್ತು ವೀಟಾ ಅಂಗಡಿಗಳನ್ನು ಮುಚ್ಚುವುದಾಗಿ 2021ರಲ್ಲಿ ಹೇಳಿದ ಸೋನಿ, ಆಟಗಾರರ ಗಲಾಟೆ ಕೇಳಿ ಕೆಲವೇ ವಾರಗಳಲ್ಲಿ ಹಿಂದೆ ಸರಿಯಿತು. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲೇ ಇಲ್ಲ. ಅವು ಎಲ್ಲಾದರೂ ಉಳಿದಿದ್ದರೆ ಇಂಥ ಕಪಾಟುಗಳಲ್ಲೇ ಹೆಚ್ಚು.

ಕೊಡಗಿನವರಿಗೆ ಇದನ್ನು ಉದ್ದಕ್ಕೆ ವಿವರಿಸಬೇಕಿಲ್ಲ. ಅನ್‌ರಿಡೀಮ್ಡ್ ಜಾಗ, ಅಂದರೆ ಮರಗಳ ಹಕ್ಕನ್ನು ಸರ್ಕಾರದಿಂದ ಇನ್ನೂ ಬಿಡಿಸಿಕೊಳ್ಳದ ಜಾಗ ಇದ್ದವರಿಗೆ ಗೊತ್ತು: ತೋಟ ನಮ್ಮದು, ಕಾಫಿ ನಮ್ಮದು, ನಡುವೆ ನಿಂತ ಬೀಟೆ ಮರ ಮಾತ್ರ ನಮ್ಮದಲ್ಲ. ಅದರ ಬೆಲೆಯನ್ನು ಸರ್ಕಾರಕ್ಕೆ ಕಟ್ಟದೆ ಕೊಡಲಿ ಹಾಕುವಂತಿಲ್ಲ. ಡಿಜಿಟಲ್ ಆಟವೂ ಅಂಥದ್ದೇ ಹಿಡುವಳಿ. ಆದರೆ ಜಾಗದ ಸಂಗತಿ ದಾಖಲೆಯಲ್ಲಿರುತ್ತದೆ, ನೋಡಿಯೇ ಕೊಳ್ಳುತ್ತೇವೆ. ಆಟದ ವಿಷಯದಲ್ಲಿ, ಸಿಗುತ್ತಿರುವುದು ಪರವಾನಗಿ ಮಾತ್ರ ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದದ್ದೇ 2025ರ ಜನವರಿ 1ರಂದು.

ಹಾಗೆಂದು ಡಿಸ್ಕ್ ಕೈಯಲ್ಲಿದ್ದರೆ ಎಲ್ಲ ಕ್ಷೇಮ ಎಂದುಕೊಳ್ಳುವುದೂ ತಪ್ಪು. ಯೂಬಿಸಾಫ್ಟ್‌ನ ‘ದ ಕ್ರೂ’ ಡಿಸ್ಕಿನಲ್ಲೇ ಮಾರಾಟವಾಗಿತ್ತು. ಸದಾ ಆನ್‌ಲೈನ್ ಇರಬೇಕಾದ ಆಟ, 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್‌ಗಳು ಹಾಗೇ ಉಳಿದವು. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು ಇದರಿಂದಲೇ. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಪಿಎಸ್5 ಸ್ಲಿಮ್‌ಗೆ ಪ್ರತ್ಯೇಕವಾಗಿ ಸಿಕ್ಕಿಸುವ ಡಿಸ್ಕ್ ಡ್ರೈವ್ ಕೂಡ ಮೊದಲ ಸಲ ನೆಟ್ ಮೂಲಕ ನೋಂದಣಿಯಾಗದೆ ಕೆಲಸ ಮಾಡುವುದಿಲ್ಲ. ಪಿಎಸ್5 ಪ್ರೊ ಅಂತೂ ಡ್ರೈವ್ ಇಲ್ಲದೆಯೇ ಬರುತ್ತದೆ. ಮಳೆಗಾಲ ಹಿಡಿಯುವ ಮೊದಲೇ ಡ್ರೈವ್ ಜೋಡಿಸಿ, ನೋಂದಣಿ ಮುಗಿಸಿಟ್ಟುಕೊಳ್ಳುವುದು ಜಾಣತನ.

ಡಿಸ್ಕಿನಲ್ಲಿ ನಿಜಕ್ಕೂ ಆಟ ಇದೆಯೇ ಎಂದು ಪರೀಕ್ಷಿಸಲು ಒಂದೇ ದಾರಿ. ಯಂತ್ರದ ನೆಟ್ ಸಂಪರ್ಕವನ್ನು ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಆಫ್ ಮಾಡಿ, ಹಳೆಯ ಇನ್‌ಸ್ಟಾಲ್ ಅಳಿಸಿ, ಡಿಸ್ಕಿನಿಂದಲೇ ಇನ್‌ಸ್ಟಾಲ್ ಮಾಡಬೇಕು. ಸೇವ್ ಫೈಲನ್ನು ಅಳಿಸಬೇಡಿ, ಅದು ಬೇರೆ. ಆಮೇಲೆ ಮೆನು ಬಂತೆಂದು ನಿಲ್ಲಿಸಬಾರದು. ಎಷ್ಟೋ ಆಟಗಳು ಮೊದಲ ಹಂತದವರೆಗೆ ಮಾತ್ರ ಡಿಸ್ಕಿನಲ್ಲಿದ್ದು, ಅಲ್ಲಿಂದ ಮುಂದೆ ಡೌನ್‌ಲೋಡ್ ಕೇಳುತ್ತವೆ. ಒಂದೆರಡು ಗಂಟೆ ಆಡಿ ನೋಡಬೇಕು. ದಾಟಿದರೆ ಡಬ್ಬಿಯ ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇಡಿ: ಆವೃತ್ತಿ ಎಷ್ಟು, ನೆಟ್ ಇಲ್ಲದೆ ಎಲ್ಲಿವರೆಗೆ ಆಡಿದ್ದು. ಮುಂದೆ ಮಾರುವಾಗಲೂ ಆ ಚೀಟಿಗೆ ಬೆಲೆ ಇದೆ.

ಇನ್ನು ನಮ್ಮ ಊರಿನ ಶತ್ರು, ಬೂಷ್ಟು. ಬಯಲುಸೀಮೆಯ ಸಂಗ್ರಾಹಕರಿಗೆ ಇದರ ಅಂದಾಜೇ ಇಲ್ಲ. ಬೆಲೀಝ್ ದೇಶದಿಂದ ಬಂದ ಸಿಡಿಯೊಂದರಲ್ಲಿ ಜಿಯೋಟ್ರೈಕಮ್ ಬಗೆಯ ಶಿಲೀಂಧ್ರ ಅಂಚಿನಿಂದ ಒಳಹೊಕ್ಕು ಅಲ್ಯೂಮಿನಿಯಂ ಪದರವನ್ನೇ ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ಅದು ಅಪರೂಪದ ಪ್ರಕರಣ. ನಮ್ಮಲ್ಲಿ ಮೊದಲು ಹೋಗುವುದು ಕಾಗದ: ಮುಖಪುಟ, ಕೈಪಿಡಿ. ಆಮೇಲೆ ಕ್ಯಾಸೆಟ್ಟಿನ ಪಿನ್ನುಗಳು ಕಪ್ಪಾಗುತ್ತವೆ.

ಕಪಾಟಿನಲ್ಲಿ ತೆರೆದಿಡುವ ಆಸೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಡಬೇಕು. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. 20 ಲೀಟರ್ ಡಬ್ಬಿಗೆ 250 ಗ್ರಾಂ ಸಿಲಿಕಾ ಜೆಲ್ ಧಾರಾಳ. ಜೊತೆಗೆ ಒಂದು ಸಣ್ಣ ತೇವಾಂಶ ಮಾಪಕ, ಅದು ಶೇ. 40ರಿಂದ 50ರ ನಡುವೆ ತೋರಿಸಬೇಕು. 60 ದಾಟಿದರೆ ಬೂಷ್ಟಿಗೆ ದಾರಿ ತೆರೆದಂತೆ. ಕಿತ್ತಳೆ ಬಣ್ಣದ ಹರಳು ಕಡು ಹಸಿರಾದಾಗ ತಟ್ಟೆಯಲ್ಲಿ ತೆಳುವಾಗಿ ಹರಡಿ, ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿ ಹರಳು ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಮುಖ್ಯವಾದ ಮಾತು: ಒದ್ದೆ ಹವೆಯಲ್ಲೇ ಡಬ್ಬಿ ಮುಚ್ಚಿದರೆ ಕಾಗದದೊಳಗಿನ ತೇವವನ್ನೆಲ್ಲ ಹರಳು ಮೊದಲ ವಾರದಲ್ಲೇ ಕುಡಿದು ಕೈಚೆಲ್ಲುತ್ತದೆ. ಬೇಸಿಗೆಯ ಒಣ ಮಧ್ಯಾಹ್ನ ತುಂಬಿ ಮುಚ್ಚಬೇಕು.

ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೆಚ್ಚಗಿರುತ್ತದೆ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅಲ್ಲಿ ಕರಿಮೆಣಸು ಚೆನ್ನಾಗಿರುತ್ತದೆ, ಡಿಸ್ಕ್ ಅಲ್ಲ. ಹೊಗೆಯ ಜಿಡ್ಡು ಹತ್ತಿದರೆ ತೆಗೆಯುವುದು ಬಹಳ ಕಷ್ಟ. ನುಸಿಗುಳಿಗೆಯೂ ಬೇಡ. ಸಿಡಿಯ ಗಟ್ಟಿ ಪಾರದರ್ಶಕ ಡಬ್ಬಿ ಪಾಲಿಸ್ಟೈರಿನ್, ನ್ಯಾಫ್ತಲೀನ್ ಆವಿಗೆ ಅದು ಮೆತ್ತಗಾಗುತ್ತದೆ.

ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತ ತಿರುಗಿಸಿ ಅಲ್ಲ. ಗೀರು ಸುತ್ತಿಕೊಂಡು ಹೋದರೆ ಒಂದೇ ಜಾಡಿನ ದತ್ತಾಂಶ ಉದ್ದಕ್ಕೆ ಹೋಗುತ್ತದೆ, ಅಡ್ಡ ಗೀರನ್ನು ಯಂತ್ರ ಸರಿಪಡಿಸಿಕೊಳ್ಳುತ್ತದೆ. ಪಿಎಸ್1 ಕಾಲದ ಸಿಡಿಯಲ್ಲಿ ದತ್ತಾಂಶ ಇರುವುದು ಚಿತ್ರವಿರುವ ಬದಿಗೆ ಅಂಟಿಕೊಂಡು, ಮೇಲೆ ತೆಳು ವಾರ್ನಿಷ್ ಅಷ್ಟೇ. ಹಾಗಾಗಿ ಚಿತ್ರದ ಬದಿಯ ಗೀರೇ ಹೆಚ್ಚು ಅಪಾಯ. ಡಿವಿಡಿಯಲ್ಲಿ ಅದು ಎರಡು 0.6 ಮಿ.ಮೀ. ಹಾಳೆಗಳ ನಡುವೆ ಇರುತ್ತದೆ, ಅಂಟು ಬಿಟ್ಟರೆ ಹೋಯಿತು. ಬ್ಲೂ-ರೇಯಲ್ಲಿ ಓದುವ ಬದಿಯಿಂದ ಬರೀ 0.1 ಮಿ.ಮೀ. ಒಳಗೆ. ಅದಕ್ಕೆ ಟೂತ್‌ಪೇಸ್ಟ್ ಉಜ್ಜುವ ಅಥವಾ ಪಾಲಿಶ್ ಯಂತ್ರಕ್ಕೆ ಕೊಡುವ ಕೆಲಸ ಮಾಡಲೇಬಾರದು, ಗಟ್ಟಿ ಲೇಪನ ಹೋದರೆ ಡಿಸ್ಕ್ ಮುಗಿದಂತೆ. ಕ್ಯಾಸೆಟ್ ಆದರೆ ಊದಬಾರದು, ಬಾಯಿಯ ತೇವ ಪಿನ್ನಿಗೆ ತಾಗುತ್ತದೆ. ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಕಡ್ಡಿ, ಹತ್ತು ನಿಮಿಷ ಆರಲು ಬಿಟ್ಟರೆ ಸಾಕು. ‘ಪೊಕೆಮಾನ್ ಗೋಲ್ಡ್’, ‘ಸಿಲ್ವರ್’ ಕ್ಯಾಸೆಟ್‌ಗಳಲ್ಲಿ ಸಿಆರ್2025 ಬ್ಯಾಟರಿ ಇದೆ, ಸತ್ತರೆ ಸೇವ್ ಎಲ್ಲ ಹೋಗುತ್ತದೆ. ಬಿಚ್ಚಲು 3.8 ಮಿ.ಮೀ. ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು. ಕಾಲು ಬೆಸೆದಿರುವ ಬ್ಯಾಟರಿಯನ್ನೇ ತರಿಸಿ, ಬರೀ ಬ್ಯಾಟರಿಗೆ ಟೇಪ್ ಸುತ್ತಿ ಕೂರಿಸಿದರೆ ಸಂಪರ್ಕ ಆಗಾಗ ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ಕೆಲವು ಹೋಗುತ್ತವೆ. ಸಂಗ್ರಾಹಕರು ಅದಕ್ಕೆ ಅಳುವುದು ಕಡಿಮೆ. ಬೂಷ್ಟು ಬಂದರೆ ಅದರ ಜೊತೆ ಗುದ್ದಾಡಬಹುದು, ಹರಳು ಹಾಕಬಹುದು, ಬ್ಯಾಟರಿ ಬದಲಿಸಬಹುದು, ಸೋತರೆ ನಮ್ಮ ಕೈಯಲ್ಲೇ ಸೋತದ್ದು. ಎಲ್ಲೋ ಒಂದು ಕಚೇರಿಯಲ್ಲಿ ಲೆಕ್ಕ ನೋಡಿ ಸರ್ವರ್ ನಿಲ್ಲಿಸಿದರೆ ಮಾಡಲು ಏನೂ ಇಲ್ಲ. ಆ ಮನೆಯ ಯಜಮಾನರ ಮುಜುಗರ ಅಲ್ಲಿಂದ ಬಂದದ್ದು ಎಂದು ನನಗೆ ಅನಿಸುತ್ತದೆ. “ಇದೆ” ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲ ವಸ್ತುಗಳನ್ನೇ ಅವರು ಇಷ್ಟು ವರ್ಷ ಕೂಡಿಟ್ಟದ್ದು. ಮೊದಲ ಸಲ ಆ ಮಾತಿಗೆ “ನೆಟ್ ಬಂದ್ರೆ” ಎಂದು ಸೇರಿಸಬೇಕಾಯಿತು.

ಆ ಸಂಜೆ ಹುಡುಗ ಕೊನೆಗೆ ಆಡಿದ್ದು ಪಿಎಸ್2ರಲ್ಲಿ, 2009ರಲ್ಲಿ ಸೋನಿ ತಂದ ‘ಹನುಮಾನ್: ಬಾಯ್ ವಾರಿಯರ್’. ಹೈದರಾಬಾದಿನ ಔರೋನಾ ಟೆಕ್ನಾಲಜೀಸ್‌ನವರು ಮಾಡಿದ್ದು. ಆಟವಾಗಿ ಅದು ಸಾಧಾರಣ, ಕ್ಯಾಮೆರಾ ಆಗಾಗ ಎತ್ತಲೋ ನೋಡುತ್ತದೆ. ಆದರೆ ನಮ್ಮ ದೇಶದಲ್ಲಿ ಕನ್ಸೋಲ್ ಆಟ ಮಾಡಿದ ಆರಂಭದ ದಿನಗಳ ದಾಖಲೆ ಅದು, ‘ದೇಸಿ ಅಡ್ಡಾ’ ಕೂಡ ಅದೇ ವರ್ಷದ್ದು.

ಇಂಥ ಡಿಸ್ಕ್ ನಿಮ್ಮ ಮನೆಯ ಅಟ್ಟದಲ್ಲೋ ಪೆಟ್ಟಿಗೆಯಲ್ಲೋ ಇದ್ದರೆ ಮಳೆ ನಿಂತ ಕೂಡಲೇ ತೆಗೆಯಿರಿ. ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಒಟ್ಟಾರೆ ಮಸುಕು ಬೆಳಕು ಕಂಡರೆ ಚಿಂತೆಯಿಲ್ಲ, ಸೂಜಿಮೊನೆಯಂಥ ಚುಕ್ಕಿಗಳು ಕಂಡರೆ ಪದರ ಕೊಳೆಯುತ್ತಿದೆ ಎಂದರ್ಥ. ಅಂಥದ್ದನ್ನು ಮೊದಲು ಪ್ರತಿ ಮಾಡಿ. ಪಿಎಸ್2ರ ಡಿವಿಡಿಯನ್ನು ಕಂಪ್ಯೂಟರಿನ ಸಾಮಾನ್ಯ ಡ್ರೈವ್ ಓದುತ್ತದೆ, ಇಡೀ ಡಿಸ್ಕಿನ ಪ್ರತಿಯಾದ ಐಎಸ್ಒ ಫೈಲಾಗಿ ಇಳಿಸಿಕೊಳ್ಳಬಹುದು. ಅಡಿಭಾಗ ನೀಲಿ ಇದ್ದರೆ ಅದು ಸಿಡಿ, ಬಿನ್ ಮತ್ತು ಕ್ಯೂ ಫೈಲಾಗಿ ತೆಗೆಯಬೇಕು. ಓದುವಾಗ ತಪ್ಪು ಬಂದರೆ ವೇಗ ಇಳಿಸಿ, ಬೇರೆ ಕಂಪನಿಯ ಡ್ರೈವ್‌ನಲ್ಲೂ ಹಾಕಿ ನೋಡಿ, ಒಂದು ಬಿಟ್ಟದ್ದನ್ನು ಇನ್ನೊಂದು ಓದುವುದುಂಟು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮು, ನ್ಯಾಯವಾಗಿ ಪಡೆದ ಪ್ರೋಗ್ರಾಮ್ ಹಾಳಾಗದಂತೆ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಅದು ನಮ್ಮ ಬಳಕೆಗೆ ಮಾತ್ರ, ಹಂಚಲು ಅಲ್ಲ. ಪ್ರತಿಯನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ, ಫೈಲ್ ಕೆಟ್ಟಿಲ್ಲವೆಂದು ತಾಳೆ ನೋಡಲು ಬೇಕಾದ ಹ್ಯಾಶ್ ಸಂಖ್ಯೆ ಬರೆದಿಡಿ, ವರ್ಷಕ್ಕೊಮ್ಮೆ ತಾಳೆ ನೋಡಿ. ಎರಡರಲ್ಲಿ ಒಂದು ಹಾರ್ಡ್ ಡಿಸ್ಕ್ ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಹವೆ ಒಣ.