ರಾತ್ರಿ ಬಾಗಿಲು ಹಾಕಿಕೊಂಡರೆ?

ಈ ವಾರ ಮನೆಯ ವೆಂಟಿಲೇಷನ್ ಡಕ್ಟ್‌ಗಳ, ಅಂದರೆ ಗಾಳಿ ಓಡಾಡುವ ಪೈಪುಗಳ, ನಕ್ಷೆ ಹರವಿಕೊಂಡು ಕೂತಿದ್ದೆವು. ಬಾಗಿಲಿನ ಅಳತೆ ಕೇಳೋಕೆ ಬಂದಿದ್ದ ಬಡಗಿ ಹಿಂದೆ ನಿಂತು ನೋಡುತ್ತಿದ್ದರು. ನೋಡಿ ನೋಡಿ ಕೇಳಿದರು: "ರಾತ್ರಿ ಬಾಗಿಲು ಹಾಕ್ಕೊಂಡ್ರೆ ಈ ಗಾಳಿ ಎಲ್ಲಿಗೆ ಹೋಗುತ್ತೆ ಸಾರ್?"

"ಅದನ್ನೆಲ್ಲ ಸಿಸ್ಟಮ್ ನೋಡ್ಕೊಳ್ಳುತ್ತೆ" ಅಂದರು ಎಂಜಿನಿಯರ್, ತಲೆ ಎತ್ತದೆ.

ಸಿಸ್ಟಮ್ ಅಂದರೆ ಎರಡು ಫ್ಯಾನು, ನಡುವೆ ಒಂದು ಹೀಟ್ ಎಕ್ಸ್‌ಚೇಂಜರ್. ಅಡುಗೆಮನೆ, ಬಚ್ಚಲಿನ ಬೆಚ್ಚನೆ ತೇವದ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಹಾಕುವಾಗ ಅದರ ಶಾಖವನ್ನು ಒಳಗೆ ಬರುವ ತಣ್ಣನೆ ಗಾಳಿಗೆ ದಾಟಿಸುತ್ತದೆ. ಎರಡು ಗಾಳಿಯೂ ಬೆರೆಯುವುದಿಲ್ಲ. ಹೊಸ ಗಾಳಿ ಮಲಗುವ ಕೋಣೆಗಳಿಗೆ ಹೋಗುತ್ತದೆ. ಆ ಕೋಣೆಯಿಂದ ಬಚ್ಚಲಿನವರೆಗೆ ಮಾತ್ರ ಯಾವ ಪೈಪೂ ಇಲ್ಲ! ಬಾಗಿಲ ಕೆಳಗಿನ ಸಂದೇ ದಾರಿ. ಸುಮಾರು 10 ಮಿಲಿಮೀಟರ್ ಬೇಕು. ಬಡಗಿಗೆ ಹೇಳಿದ್ದೇನು? ಸಂದಿಲ್ಲದ ಹಾಗೆ ಬಿಗಿಯಾಗಿ ಕೂರಿಸಿ ಅಂತ.

ನಕ್ಷೆ ಕೆಟ್ಟದಾಗಿತ್ತು ಅಂತಲ್ಲ. ಗಾಳಿ ಹಂಚುವ ಒಂದೇ ಡಬ್ಬಿಯಿಂದ ಪ್ರತಿ ಕೋಣೆಗೂ ಬೇರೆ ಬೇರೆ 75 ಮಿ.ಮೀ. ಪೈಪು, ಹಾಗಾಗಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳುವುದು ಕಡಿಮೆ. ಫ್ಯಾನಿನ ಸದ್ದಿಗೆ ಸೈಲೆನ್ಸರ್. ಜಿಡ್ಡು ಕೂರುತ್ತದೆ ಅಂತ ಒಲೆಯ ಮೇಲೆ ಹೊಗೆ ಎಳೆಯುವ ಹುಡ್ ಇದಕ್ಕೆ ಸೇರಿಸಿಲ್ಲ. ಎಂಜಿನಿಯರ್ ಬುದ್ಧಿವಂತ, ಒಪ್ಪಿಕೊಳ್ಳೋಣ. ಒಂದು ಕಡೆ ತೊಲೆ ಅಡ್ಡ ಬಂತು ಅಂತ ಸಪೂರ ಪೈಪು ತೋರಿಸಿದ್ದು ಮಾತ್ರ ನನಗೆ ಹಿಡಿಸಲಿಲ್ಲ. ಅಷ್ಟೇ ಗಾಳಿ ಅರ್ಧ ವ್ಯಾಸದ ಪೈಪಿನಲ್ಲಿ ಹೋಗಬೇಕಾದರೆ ವೇಗ 4 ಪಟ್ಟು ಆಗುತ್ತದೆ. ಆಮೇಲೆ ರಾತ್ರಿಯೆಲ್ಲ ಸೀಟಿ ಕೇಳಿಕೊಂಡು ಮಲಗಬೇಕು.

ಆದರೂ ಬಡಗಿಯ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ರಾತ್ರಿ ಬಾಗಿಲು ಹಾಕ್ಕೊಂಡ್ರೆ? ನಕ್ಷೆಯನ್ನು ಮತ್ತೆ ತೆಗೆದು ನೋಡಿದೆ. ನಕ್ಷೆಗಳಲ್ಲಿ ಬಾಗಿಲುಗಳು ಸಾಮಾನ್ಯವಾಗಿ ತೆರೆದೇ ಇರುತ್ತವೆ, ಪಕ್ಕಕ್ಕೊಂದು ಕಮಾನಿನ ಗೆರೆ ಎಳೆದು. ಆ ಮನೆಯಲ್ಲಿ ಯಾರೂ ಮಲಗುವುದಿಲ್ಲ, ಯಾರೂ ಜಗಳ ಆಡಿ ಬಾಗಿಲು ಬಡಿಯುವುದಿಲ್ಲ. ಬಡಗಿ ಮಾತ್ರ ಮುಚ್ಚಿದ ಬಾಗಿಲನ್ನು ನೋಡಿದರು. ಪೈಪಿಗೆ ಒಬ್ಬರು ಬಿಲ್ ಹಾಕುತ್ತಾರೆ, ಬಾಗಿಲಿಗೆ ಇನ್ನೊಬ್ಬರು. ಸಂದಿಗೆ ಬಿಲ್ ಇಲ್ಲ, ಹಾಗಾಗಿ ಅದಕ್ಕೆ ಯಜಮಾನರೂ ಇಲ್ಲ. ಕಚೇರಿಗಳಲ್ಲೂ ಕೆಲಸ ಕೆಡುವುದು ಇಂಥ ಕಡೆಯೇ ಅಲ್ವಾ? ಅಲ್ಲಿ ಬಾಯಿ ಬಿಟ್ಟು ಕೇಳಿದವರಿಗೆ "ನಿಮ್ಮ ಕೆಲಸ ನೀವು ನೋಡಿ" ಅನ್ನುತ್ತಾರೆ.

ಸಂಜೆ ಬಡಗಿಗೆ ಫೋನ್ ಮಾಡಿ 10 ಮಿ.ಮೀ. ಬಿಡಿ ಅಂದೆ. "ಟೈಲ್ಸ್ ಹಾಕಿದ ಮೇಲಾ, ಮುಂಚೇನಾ?" ಅಂದರು. ಹಾಕಿದ ಮೇಲೇ ಅಳೆಯಬೇಕು, ಇಲ್ಲದಿದ್ದರೆ ಟೈಲ್ಸೇ ಸಂದನ್ನು ನುಂಗಿಬಿಡುತ್ತದೆ.

ನಿನ್ನೆ ತಿದ್ದಿದ ನಕ್ಷೆ ಬಂತು. ಪ್ರತಿ ಬಾಗಿಲ ಕೆಳಗೂ ಬಾಣದ ಗುರುತು, ಅಳತೆ ಸಮೇತ. ಬದಲಾವಣೆಗೆ ಕಾರಣ ಅನ್ನುವ ಜಾಗದಲ್ಲಿ "ಮನೆ ಮಾಲೀಕರ ಕೋರಿಕೆ" ಅಂತ ಬರೆದಿದ್ದಾರೆ.