ಗೌರಿಯ ಗೊರಸು

ಕುದುರೆ ಸಾಕಿದವರು ಬೇಸಿಗೆ ಬಂತು ಅಂದರೆ ಮೊದಲು ನೋಡಬೇಕಾದದ್ದು ಅದರ ಕಾಲು. ಮೈ ಮಿರುಗುತ್ತಿರಬಹುದು, ಹೊಟ್ಟೆ ತುಂಬಾ ತಿನ್ನುತ್ತಿರಬಹುದು. ಗೊರಸು ಒಡೆದಿದ್ದರೆ ಆ ಕುದುರೆ ಸುಖವಾಗಿದೆ ಅಂತ ಹೇಳೋಕೆ ಆಗಲ್ಲ. ಇದನ್ನು ನನಗೆ ಕಲಿಸಿದ್ದು ಚಿಕ್ಕಪ್ಪನ ಗೌರಿ.

ನಮ್ಮೂರು ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋಗುವ ಕಡೆ. ಚಿತ್ರದುರ್ಗ ಜಿಲ್ಲೆಗೇ ಮಳೆ ಕಡಿಮೆ. ಅದರಲ್ಲೂ ಚಳ್ಳಕೆರೆ ಅಂದರೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿ ತೇರು ಎಳೆದ ಮೇಲೆ ಬಿಸಿಲು ದಿನದಿಂದ ದಿನಕ್ಕೆ ಏರುತ್ತದೆ. ನೆಲ ಕಾಯುತ್ತದೆ, ಬೀಸುವ ಗಾಳಿಯೂ ಬಿಸಿ. ಅದೇ ಹೊತ್ತಿಗೆ ಮದುವೆಗಳೂ ಶುರು. ಚಿತ್ರದುರ್ಗ, ಚಳ್ಳಕೆರೆ, ಒಮ್ಮೊಮ್ಮೆ ದಾವಣಗೆರೆವರೆಗೂ ಮದುಮಗನ ಮೆರವಣಿಗೆಗೆ ಗೌರಿಯನ್ನು ಕರೆಸುತ್ತಾರೆ. ಬಿಳಿ ಕುದುರೆ, ಸಾಧು ಸ್ವಭಾವ, ಬ್ಯಾಂಡ್‌ಸೆಟ್ಟಿನ ಸದ್ದಿಗೂ ಬೆದರಲ್ಲ. ಮೆರವಣಿಗೆ ಇಲ್ಲದ ದಿನ ಹೊಲದ ಬದುವಿನಲ್ಲಿ ಮೇಯುತ್ತದೆ, ಮಧ್ಯಾಹ್ನ ಹುಣಸೆ ಮರದ ನೆರಳಿನಲ್ಲಿ ನಿಲ್ಲುತ್ತದೆ.

ಆ ಭಾನುವಾರ ದುರ್ಗದಿಂದ ನಾನು ಊರಿಗೆ ಹೋದಾಗ ಚಿಕ್ಕಪ್ಪ ಗೌರಿಯ ಮುಂದಿನ ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಗೊರಸಿನ ಮುಂಭಾಗದಲ್ಲಿ, ನೆಲದ ಅಂಚಿನಿಂದ ಮೇಲಕ್ಕೆ ಎರಡು ಬೆರಳಿನಷ್ಟು ಉದ್ದದ ಸೀಳು. ಅದರ ಅಕ್ಕಪಕ್ಕ ಕೂದಲೆಳೆಯಂಥ ಸಣ್ಣ ಬಿರುಕುಗಳು. ಕೈಯಾಡಿಸಿದರೆ ಮೇಲ್ಮೈ ಪುಡಿಪುಡಿ, ಉಗುರಿಗೆ ಸಿಕ್ಕ ಕಡೆ ಸಣ್ಣ ಚಕ್ಕೆ ಏಳುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಅಜ್ಜಿಯ ಹಿಮ್ಮಡಿ ಹೀಗೇ ಒಡೆದು ಸೀರೆಯ ಎಳೆ ಹಿಡಿಯುತ್ತಿತ್ತು.

“ಹರಳೆಣ್ಣೆ ಹಚ್ಚಿದ್ರೆ ಸರಿ ಹೋಗ್ತೈತೆ ಬಿಡವ್ವಾ. ಚಳ್ಳಕೆರೇಲಿ ಎಣ್ಣೆಗೇನು ಬರ?” ಅಂದರು ಚಿಕ್ಕಪ್ಪ. ಅಷ್ಟರಲ್ಲಿ ಪಕ್ಕದ ಹೊಲದವರು ಬಂದು, ಟ್ರ್ಯಾಕ್ಟರಿನಿಂದ ತೆಗೆದ ಕರಿ ಆಯಿಲ್ ಬಳಿಯಿರಿ, ಗೊರಸು ಕಬ್ಬಿಣ ಆಗ್ತದೆ ಅಂದರು. ಈ ಎರಡನೇ ಮಾತನ್ನು ನಾನು ಖಡಾಖಂಡಿತವಾಗಿ ಬೇಡ ಅಂದೆ. ಓಡಿಸಿ ಬಿಟ್ಟ ಇಂಜಿನ್ ಆಯಿಲ್‌ನಲ್ಲಿ ಲೋಹದ ಕಣ, ಸುಟ್ಟ ಎಣ್ಣೆಯ ಮಡ್ಡಿ ಎಲ್ಲ ಇರುತ್ತದೆ. ಗೊರಸಿನ ಮೇಲಿನ ಚರ್ಮಕ್ಕೆ ತಾಗಿದರೆ ಉರಿ. ಕುದುರೆ ಅದನ್ನು ನೆಕ್ಕಿದರೆ ಇನ್ನೂ ಕೆಟ್ಟದ್ದು. ಊರುಗಳಲ್ಲಿ ಇದನ್ನು ಇನ್ನೂ ಹಚ್ಚುತ್ತಾರೆ ಅನ್ನೋದು ನನಗೆ ನಿಜಕ್ಕೂ ಬೇಸರದ ಸಂಗತಿ.

ಎಣ್ಣೆಯ ಮಾತು ಆಮೇಲೆ, ಮೊದಲು ಡಾಕ್ಟರನ್ನು ಕೇಳೋಣ ಅಂತ ನಮ್ಮ ಪಶು ಆಸ್ಪತ್ರೆ ಡಾಕ್ಟರಿಗೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದೆ. ಭಾನುವಾರವಾದರೂ ಅವರೇ ಫೋನ್ ಮಾಡಿದರು. ಕುಂಟುತ್ತಾ ಇದೆಯಾ? ಸೀಳಿನಿಂದ ರಕ್ತ, ಕೀವು ಏನಾದರೂ ಬರುತ್ತಾ? ಈ ಗೊರಸು ಮುಟ್ಟಿದರೆ ಉಳಿದ ಮೂರಕ್ಕಿಂತ ಬಿಸಿ ಇದೆಯಾ? ಕಾಲು ಊರಿದಾಗ ಸೀಳು ಬಾಯಿ ಬಿಡುತ್ತಾ? ಕೂದಲಿನ ಅಂಚಿಗೆ ಮುಟ್ಟಿದೆಯಾ? ಕೊನೆಯ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಚರ್ಮ ಮುಗಿದು ಗೊರಸು ಶುರುವಾಗುವ ಆ ಅಂಚೇ ಗೊರಸು ಹುಟ್ಟುವ ಜಾಗ. ಅಲ್ಲಿಂದ ಕೆಳಕ್ಕೆ ಇಳಿದ ಸೀಳಾದರೆ ತೊಂದರೆ ಹುಟ್ಟಿನಲ್ಲೇ ಇದೆ ಅಂತ ಅರ್ಥ, ಅದಕ್ಕೆ ಡಾಕ್ಟರೇ ಬಂದು ನೋಡಬೇಕು. ನೆಲದಿಂದ ಮೇಲಕ್ಕೆ ಹತ್ತಿದ ಸೀಳು, ರಕ್ತ ಇಲ್ಲ, ಕುಂಟಿಲ್ಲ ಅಂದರೆ ಗೊರಸು ಕತ್ತರಿಸಿ ಸರಿ ಮಾಡಿ, ಒಳ್ಳೆಯ ಹೂಫ್ ಡ್ರೆಸ್ಸಿಂಗ್, ಅಂದರೆ ಗೊರಸಿಗೆ ಬಳಿಯುವ ಜಿಡ್ಡಿನ ಮುಲಾಮು ಹಚ್ಚಿ ಕಾಯಬಹುದು. ಗೌರಿಯದು ಈ ಎರಡನೇ ಜಾತಿ.

“ಬಿಳಿ ಗೊರಸು ಸಾರ್, ಅದಕ್ಕೇ ಮೆತ್ತಗೆ” ಅಂದರು ಚಿಕ್ಕಪ್ಪ. ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧ ಇಲ್ಲ, ಕರಿ ಗೊರಸೂ ಹೀಗೇ ಒಡೆಯುತ್ತೆ ಅಂತ ಡಾಕ್ಟರು ಹೇಳಿದ್ದನ್ನು ಚಿಕ್ಕಪ್ಪ ಪೂರ್ತಿ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ.

ಲಾಳದ ಚಾಚಾ ದಾವಣಗೆರೆಯವರು. ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟುವುದು ಅವರ ಮುಖ್ಯ ಕಸುಬು. ನಮ್ಮ ಕಡೆ ಇರುವ ಕೆಲವೇ ಕುದುರೆಗಳಿಗೂ ಅವರೇ ದಿಕ್ಕು. ಎತ್ತನ್ನಾದರೆ ಕೆಡವಿ ಕಾಲು ಕಟ್ಟಿ, ಎರಡು ಭಾಗವಾಗಿರುವ ಅದರ ಗೊರಸಿಗೆ ಎರಡು ತುಂಡಾಗಿ ಲಾಳ ಹೊಡೆಯುತ್ತಾರೆ. ಕುದುರೆಯನ್ನು ಕೆಡವೋದಿಲ್ಲ. ನಿಂತ ಹಾಗೇ ಒಂದೊಂದೇ ಕಾಲು ಎತ್ತಿಸಿ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ಒಂದೂವರೆ, ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಆ ಸಲ ಮಗಳ ಹೆರಿಗೆ ಅಂತ ಊರಲ್ಲಿ ಇರಲಿಲ್ಲ, ತಡವಾಗಿತ್ತು. ಫೋನ್ ಮಾಡಿದ್ದೇ ತಡ, ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಹೊತ್ತುಕೊಂಡು ಬಂದೇಬಿಟ್ಟರು.

ಬಂದವರೇ ಗೌರಿಯ ಕತ್ತು ಸವರಿದರು. ಕಾಲು ಎತ್ತಲಿಲ್ಲ. ಸ್ವಲ್ಪ ದೂರ ನಡೆಸಿ ಅಂದರು. ನಡಿಗೆ ನೋಡಿದ ಮೇಲೆಯೇ ಕೂತದ್ದು. ಹಳೇ ಲಾಳ ಬಿಚ್ಚಿ, ಕೊಕ್ಕೆಯಿಂದ ಗೊರಸಿನ ಅಡಿ ಕೆದಕಿದರು. ಒಣಗಿದ ಸಗಣಿ, ಮಣ್ಣು, ಒಂದು ಚೂಪು ಕಲ್ಲು ಉದುರಿದವು. ನಡುವೆ ಇರುವ ಮೆತ್ತನೆಯ ಮುಕ್ಕೋನದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಮೂಸಿ ನೋಡಿದರು. ಅಲ್ಲಿ ಕಪ್ಪಗಾಗಿ ಕೆಟ್ಟ ವಾಸನೆ ಬಂದರೆ ಕೊಳೆರೋಗ ಅಂತ ಲೆಕ್ಕ. ಅದರ ಮೇಲೆ ಜಿಡ್ಡು ಬಳಿದರೆ ಕೊಳೆಯನ್ನು ಒಳಗೇ ಮುಚ್ಚಿದ ಹಾಗೆ. ನಮ್ಮ ಪುಣ್ಯ, ಅದು ಇರಲಿಲ್ಲ.

ಆಮೇಲೆ ಇಕ್ಕಳದಿಂದ ಬೆಳೆದ ಅಂಚು ಕತ್ತರಿಸಿ, ಅರ ಹಾಕಿ ಉಜ್ಜಿದರು. ಸೀಳು ಇದ್ದ ಜಾಗದಲ್ಲಿ ಮಾತ್ರ ಅಂಚನ್ನು ಇನ್ನಷ್ಟು ತೆಗೆದು, ಲಾಳಕ್ಕೂ ಗೊರಸಿಗೂ ನಡುವೆ ಸಣ್ಣ ಸಂದು ಬಿಟ್ಟರು.

“ಇಲ್ಲಿ ಭಾರ ಬೀಳಬಾರದ್ರೀ ಅಮ್ಮಾ. ಹೆಜ್ಜಿ ಇಟ್ಟಾಗೆಲ್ಲ ನೆಲ ಸೀಳನ್ನ ಮ್ಯಾಲಕ್ಕೆ ತಳ್ತೈತಿ. ನೀವು ಎಷ್ಟ್ ಎಣ್ಣಿ ಹಚ್ಚಿದ್ರೂ ಅದು ನಿಲ್ಲಂಗಿಲ್ಲ.”

ಮೊಳೆಗಳನ್ನೂ ಸೀಳಿನಿಂದ ದೂರ ಸರಿಸಿ ಹೊಡೆದರು. ಒಡೆದ ಗೊರಸು ಅಂದ ತಕ್ಷಣ ನಾವೆಲ್ಲ ಡಬ್ಬಿ ಹುಡುಕುತ್ತೇವೆ. ಚಾಚಾ ಅರ ಹುಡುಕುತ್ತಾರೆ. ಅವರದೇ ಸರಿ ಅಂತ ನನಗೆ ಆವತ್ತು ಮನದಟ್ಟಾಯಿತು.

ಹಾಗೇ ಕೂತು ನೋಡುವಾಗ ಗೊರಸಿನ ಮೇಲೆ ಅಡ್ಡವಾಗಿ ಒಂದು ಸಣ್ಣ ಏಣು ಕಂಡಿತು. ಕೂದಲಿನ ಅಂಚಿಗೂ ನೆಲಕ್ಕೂ ಹೆಚ್ಚುಕಮ್ಮಿ ನಡುವೆ, ನಾಲ್ಕೂ ಕಾಲಿನಲ್ಲಿ ಒಂದೇ ಮಟ್ಟದಲ್ಲಿ. ಗೊರಸು ತಿಂಗಳಿಗೆ ಎಂಟರಿಂದ ಹತ್ತು ಮಿಲಿಮೀಟರ್ ಬೆಳೆಯುತ್ತದೆ. ಗೊರಸಿನ ಮುಂಭಾಗ ಮೇಲಿಂದ ಕೆಳಗೆ ಪೂರ್ತಿ ಹೊಸದಾಗೋಕೆ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಆ ಏಣಿನ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ ದೀಪಾವಳಿಯ ಆಚೀಚೆಗೆ ಬರುತ್ತದೆ. ಹಸಿ ಹುಲ್ಲು ಮುಗಿದು ಶೇಂಗಾ ಹೊಟ್ಟು ಶುರು ಮಾಡಿದ್ದು ಆಗಲೇ ಅಂತ ಚಿಕ್ಕಪ್ಪ ನೆನಪು ಮಾಡಿಕೊಂಡರು. ಮೇವು ಬದಲಾದರೆ, ಜ್ವರ ಬಂದರೆ, ಗೊರಸು ಹೀಗೆ ಗುರುತು ಬಿಡುತ್ತದೆ. ನಾನು ಆ ಏಣಿನ ಮೇಲೆ ಎಷ್ಟು ಸಲ ಬೆರಳಾಡಿಸಿದೆನೋ.

ಇನ್ನು ಡ್ರೆಸ್ಸಿಂಗ್ ವಿಷಯ. ಬೆಂಗಳೂರಿನಲ್ಲಿ ಕುದುರೆ ಸಾಮಾನು ಮಾರುವ ಅಂಗಡಿಯಿಂದ ಮಾವ ತಂದುಕೊಟ್ಟಿದ್ದ ಡಬ್ಬಿ ಅಟ್ಟದ ಮೇಲೆ ಹಾಗೇ ಇತ್ತು. ಮುಚ್ಚಳ ತೆಗೆದ ಕೂಡಲೇ ಚಿಕ್ಕಪ್ಪ, “ಇದೇನವ್ವಾ, ಕುರಿ ಹಟ್ಟಿ ವಾಸ್ನೆ!” ಅಂದರು. ಸರಿಯಾಗೇ ಹೇಳಿದರು. ಅದರಲ್ಲಿ ಇದ್ದದ್ದು ಲ್ಯಾನೋಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು. ಮಳೆಯಲ್ಲಿ ಕುರಿಯ ಮೈ ತೋಯದಂತೆ ಕಾಯುವ ಜಿಡ್ಡೇ ಇದು. ಕಂಬಳಿ ನೇಯುವ ಊರುಗಳ ನಡುವೆ ಇರುವ ನಮಗೆ ಇದು ಹೊರಗಿನ ವಸ್ತು ಅನ್ನಿಸಲೇ ಇಲ್ಲ. ಬೇರೆ ಡ್ರೆಸ್ಸಿಂಗ್‌ಗಳಲ್ಲಿ ದನದ ಕಾಲಿನ ಮೂಳೆಯಿಂದ ತೆಗೆದ ಎಣ್ಣೆ, ಪೈನ್ ಮರದ ಡಾಂಬರು, ಮೀನೆಣ್ಣೆ ಇವೂ ಇರುತ್ತವೆ.

ಇವುಗಳಲ್ಲಿ ಯಾವುದೂ ಗೊರಸಿಗೆ ತೇವ ತುಂಬಿಸುವುದಿಲ್ಲ. ಗೊರಸೂ ನಮ್ಮ ಉಗುರೂ ಒಂದೇ ವಸ್ತು, ಕೆರಾಟಿನ್. ಅದಕ್ಕೆ ಬೇಕಾದ ತೇವ ಬಹುಪಾಲು ಒಳಗಿನಿಂದ, ರಕ್ತ ಓಡಾಡುವ ಭಾಗದಿಂದ ಬರುತ್ತದೆ. ಒಳಗೆ ಹಸಿ ಜಾಸ್ತಿ, ಹೊರಗೆ ಬಂದಂತೆ ಗಟ್ಟಿ, ಒಣ. ಡ್ರೆಸ್ಸಿಂಗ್ ಮಾಡುವುದು ಕಾವಲು ಕೆಲಸ. ಒಳಗಿನ ತೇವ ಬಿಸಿಲಿಗೆ ಬೇಗ ಆರದಂತೆ, ಹೊರಗಿನ ನೀರು ಪದೇಪದೇ ಒಳಗೆ ಇಳಿಯದಂತೆ ತಡೆಯುತ್ತದೆ. ಇಷ್ಟು ತಿಳಿದರೆ ಹಚ್ಚುವ ರೀತಿ ತಾನಾಗೇ ಗೊತ್ತಾಗುತ್ತದೆ.

ಆವತ್ತು ಸಂಜೆ ಬಿಸಿಲು ಇಳಿದ ಮೇಲೆ ಗೊರಸನ್ನು ಬ್ರಷ್‌ನಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನೀರಿನ ಹೊಳಪು ಹೋಗಿ ತಂಪು ಮಾತ್ರ ಉಳಿಯುವವರೆಗೆ ಕಾದೆ. ಹಳೇ ಪೇಂಟ್ ಬ್ರಷ್ ಅದ್ದಿ, ಒಂದೇ ಒಂದು ತೆಳು ಪದರ. ಸೀಳಿನ ಒಳಗೆ ತುಂಬಲಿಲ್ಲ. ಅಲ್ಲಿ ಮಣ್ಣು ಸೇರಿ ಜಿಡ್ಡಿನ ಜೊತೆ ಕೂತರೆ ತೆಗೆಯೋದು ಕಷ್ಟ. ಕೂದಲಿನ ಅಂಚಿಗೆ ಬ್ರಷ್ ಬಿಟ್ಟು ಬೆರಳಿನಿಂದಲೇ ಸುತ್ತಲೂ ತಿಕ್ಕಿದೆ. ಅಲ್ಲಿ ಚರ್ಮ ಒಣಗಿ ಪೊರೆ ಎದ್ದಿತ್ತು. ತಿಕ್ಕುತ್ತಾ ಹೋದಂತೆ ಆ ಪೊರೆ ಕೂತು, ಕೆಳಗಿನ ನಸು ಹಳದಿ ಬಣ್ಣ ಕಾಣಿಸಿತು. ಹಿಂದಿನ ಹಿಮ್ಮಡಿ ಉಬ್ಬುಗಳಿಗೂ ಸ್ವಲ್ಪ. ಗೌರಿ ಕಣ್ಣು ಅರೆ ಮುಚ್ಚಿ, ಕೆಳತುಟಿ ಜೋಲು ಬಿಟ್ಟುಕೊಂಡು ನಿಂತಿತ್ತು. ನೋವಿದ್ದ ಪ್ರಾಣಿ ಹಾಗೆ ನಿಲ್ಲಲ್ಲ ಅಂತ ನನಗೆ ಧೈರ್ಯ ಬಂತು.

ದಿನಾ ಹಚ್ಚಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಬೇಡ. ಒಣ ಬೇಸಿಗೆಯಲ್ಲಿ ವಾರಕ್ಕೆ ಎರಡು, ಮೂರು ಸಲ ಸಾಕು. ದಿನವೂ ದಪ್ಪಗೆ ಬಳಿದರೆ ಗೊರಸು ಮೆತ್ತಗಾಗುತ್ತದೆ, ಲಾಳದ ಮೊಳೆ ಹಿಡಿಯಲ್ಲ.

ಚಾಚಾ ಹೊರಡುವ ಮೊದಲು ನೀರಿನ ತೊಟ್ಟಿಯ ಹತ್ತಿರ ಹೋಗಿ ನಿಂತರು. ಬೋರ್‌ವೆಲ್ ನೀರು ತುಂಬಿ ಚೆಲ್ಲಿ, ಸುತ್ತ ಸದಾ ಕೆಸರು. ಗೌರಿ ನೀರು ಕುಡಿಯೋಕೆ ಬಂದಾಗೆಲ್ಲ ಆ ಕೆಸರಿನಲ್ಲಿ ನಿಲ್ಲುತ್ತಿತ್ತು, ಆಮೇಲೆ ಕಾದ ಬಂಡೆ ನೆಲಕ್ಕೆ ಹೋಗುತ್ತಿತ್ತು. ಮೇಲೆ ಪ್ರತಿ ಮೆರವಣಿಗೆಗೂ ಮುಂಚೆ ಪೈಪ್ ಹಿಡಿದು ಸ್ನಾನ. “ಇದೇ ರೋಗ ನೋಡ್ರಿ” ಅಂದರು. ನೆನೆದು ಉಬ್ಬುವುದು, ಒಣಗಿ ಕುಗ್ಗುವುದು, ಮತ್ತೆ ಉಬ್ಬುವುದು. ಬರೀ ಒಣ ನೆಲವನ್ನು ಗೊರಸು ತಾಳಿಕೊಳ್ಳುತ್ತದೆ. ಈ ಹಗ್ಗಜಗ್ಗಾಟವನ್ನು ತಾಳುವುದಿಲ್ಲ. ಲಾಯದಲ್ಲಿ ಗಂಜಲ ನಿಂತರೂ ಹಾಗೇ. ಅದರ ಅಮೋನಿಯಾ ಗೊರಸನ್ನು ತಿನ್ನುತ್ತದೆ. ಮರುದಿನವೇ ಚಿಕ್ಕಪ್ಪ ತೊಟ್ಟಿಯ ಸುತ್ತ ಜಲ್ಲಿ ಹಾಕಿಸಿ, ಹೆಚ್ಚಾದ ನೀರು ತೆಂಗಿನ ಗಿಡಕ್ಕೆ ಹರಿಯುವಂತೆ ಕಾಲುವೆ ತೋಡಿಸಿದರು. ಸ್ನಾನ ಕಡಿಮೆಯಾಗಿ ಒರೆಸುವುದು, ಮಾಲೀಶು ಜಾಸ್ತಿಯಾಯಿತು.

ಮೇವಿನಲ್ಲೂ ಡಾಕ್ಟರು ಬದಲಾವಣೆ ಹೇಳಿದರು. ಗೋಧಿ ಬೂಸಾ ಮತ್ತು ಹುರುಳಿಯ ಮೇಲೇ ಕುದುರೆಯನ್ನು ನಿಲ್ಲಿಸಬೇಡಿ ಅಂದರು. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ಅದನ್ನು ಸರಿದೂಗಿಸೋಕೆ ಕುದುರೆ ಮೆಂತೆ ಸೊಪ್ಪು, ಜೊತೆಗೆ ಸತು, ತಾಮ್ರ ಇರುವ ಮಿನರಲ್ ಮಿಕ್ಸ್ಚರ್. ಗೊರಸಿಗೆ ಬಯೋಟಿನ್ ಅನ್ನೋ ವಿಟಮಿನ್ ಕೊಡುವುದೂ ಉಂಟು. ದೊಡ್ಡ ಕುದುರೆಗೆ ದಿನಕ್ಕೆ 15ರಿಂದ 20 ಮಿಲಿಗ್ರಾಂ. ಆದರೆ ಅದರ ಫಲ ಹೊಸದಾಗಿ ಹುಟ್ಟುವ ಗೊರಸಿನಲ್ಲಿ ಮಾತ್ರ ಕಾಣುತ್ತದೆ. ಆರು ತಿಂಗಳಾದರೂ ಬಿಡದೆ ಕೊಡಬೇಕು. ಎಷ್ಟು ಕೊಡಬೇಕು ಅನ್ನೋದನ್ನು ನಿಮ್ಮ ಕುದುರೆಯ ತೂಕ ನೋಡಿ ಡಾಕ್ಟರೇ ಹೇಳಲಿ.

ಮೇ ತಿಂಗಳಲ್ಲಿ ದುರ್ಗದ ಒಂದು ಮದುವೆಯವರು ಬಂದಿದ್ದರು. ಗೊರಸಿಗೆ ಕಪ್ಪು ಬಣ್ಣ ಹೊಡೆದು ಫಳಫಳ ಅನ್ನಿಸಬೇಕು, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತೆ ಅಂದರು. ಮಧ್ಯಾಹ್ನ ಹನ್ನೆರಡಕ್ಕೆ ಮೆರವಣಿಗೆ ಅಂತಲೂ ಹೇಳಿದರು. ಚಿಕ್ಕಪ್ಪ ಅಡ್ವಾನ್ಸ್ ವಾಪಸ್ ಮುಂದಿಟ್ಟರು.

“ಬಣ್ಣ ಹೊಡೆಯಲ್ಲ ಸ್ವಾಮಿ. ಆ ಬಿಸಿಲಾಗೆ ಸಿಮೆಂಟ್ ರೋಡಿಗೂ ಇಳಿಸಲ್ಲ. ಸಂಜೆ ಐದರ ಮೇಲಾದ್ರೆ ಬರ್ತೀನಿ.”

ಅವರು ಒಳ್ಳೆಯವರು, ಒಪ್ಪಿಕೊಂಡರು. ಗೌರಿ ಆವತ್ತು ತನ್ನ ಬಿಳಿ ಗೊರಸಿನಲ್ಲೇ ಮೆರವಣಿಗೆ ಮಾಡಿತು. ಗಂಟೆಗಟ್ಟಲೆ ಭಾರ ಹೊತ್ತು ನಡೆಯುವ ಪ್ರಾಣಿಗೆ ನಾವು ಕೊಡಬಹುದಾದ ಮರ್ಯಾದೆ ಇದೇ ಅಲ್ವಾ? ಮದುವೆ ಗೊತ್ತು ಮಾಡುವವರಿಗೆಲ್ಲ ನನ್ನ ವಿನಂತಿ ಇದು: ಕುದುರೆ ಬೇಕಿದ್ದರೆ ಹೊತ್ತು ಇಳಿದ ಮೇಲೆ ಕರೆಸಿ. ಬಂದ ಕುದುರೆಯ ಕಾಲನ್ನೂ ಒಮ್ಮೆ ನೋಡಿ.

ಮಳೆ ಹಿಡಿದ ಮೇಲೆ ಡ್ರೆಸ್ಸಿಂಗ್ ಕಡಿಮೆ ಮಾಡಿದೆವು. ಎರೆ ಮಣ್ಣಿನ ಕೆಸರು ಗೊರಸಿಗೆ ಕಚ್ಚಿಕೊಂಡರೆ ದಿನಾ ಕೆದಕಿ ತೆಗೆಯುವುದೇ ದೊಡ್ಡ ಕೆಲಸ. ಪ್ರತಿ ಸಲ ಚಾಚಾ ಬಂದಾಗ ಸೀಳು ಒಂದಿಷ್ಟು ಕೆಳಗೆ ಇಳಿದಿರುತ್ತಿತ್ತು, ಇಳಿದಷ್ಟನ್ನು ಅವರು ಕತ್ತರಿಸುತ್ತಿದ್ದರು. ಒಡೆದ ಗೊರಸು ಕೂಡಿಕೊಳ್ಳೋದಿಲ್ಲ. ಮೇಲಿನಿಂದ ಗಟ್ಟಿ ಗೊರಸು ಇಳಿದು ಬಂದು ಅದನ್ನು ಹೊರಗೆ ತಳ್ಳಬೇಕು, ಅಷ್ಟೇ. ಗಣೇಶನ ಹಬ್ಬದ ಹೊತ್ತಿಗೆ ಮುಂದಿನ ಬಲಗಾಲಿನ ಸೀಳಿನ ಕೊನೇ ಚೂರೂ ಇಕ್ಕಳಕ್ಕೆ ಸಿಕ್ಕಿತು. ಹಿಂದಿನ ಎಡಗಾಲಿನಲ್ಲಿ ಹಳೇ ಮೊಳೆ ತೂತಿನ ಪಕ್ಕ ಈಗ ಕೂದಲೆಳೆಯಷ್ಟು ಬಿರುಕು ಇದೆ. ಕುಂಟಿಲ್ಲ, ಬಿಸಿ ಇಲ್ಲ. ದಸರಾ ಮುಗಿಸಿಕೊಂಡು ಬರ್ತೀನಿ, ಅಲ್ಲಿವರೆಗೆ ಆ ಕಾಲನ್ನು ಕಲ್ಲು ನೆಲಕ್ಕೆ ಬಿಡಬೇಡ್ರಿ ಅಂತ ಚಾಚಾ ಹೇಳಿ ಹೋಗಿದ್ದಾರೆ.