ಸ್ನೇರ್ ಚಾನೆಲ್‌ನಲ್ಲಿ ಕಿಕ್ ಸದ್ದು

ಗಣೇಶನ ಹಬ್ಬದ ಸೀಸನ್‌ನಲ್ಲಿ ಆರ್ಕೆಸ್ಟ್ರಾಗಳಿಗೆ ಸೌಂಡ್ ಮಾಡುತ್ತೇನೆ. ಒಂದು ಸಂಜೆ ಎಲೆಕ್ಟ್ರಾನಿಕ್ ಡ್ರಮ್ಸ್ ಬಂದಿತ್ತು. ಮೈಕ್ ಇಡುವ ಗೋಜಿಲ್ಲ. ಕಾಲಲ್ಲಿ ತುಳಿಯುವ ಕಿಕ್, ಕೋಲಲ್ಲಿ ಬಾರಿಸುವ ಸ್ನೇರ್ ಮತ್ತು ಟಾಮ್‌ಗಳಿಗೆ ಮಾಡ್ಯೂಲ್‌ನಿಂದಲೇ, ಅಂದರೆ ಪ್ಯಾಡ್‌ಗೆ ಬಿದ್ದ ಪೆಟ್ಟನ್ನು ಸದ್ದಾಗಿಸುವ ಪೆಟ್ಟಿಗೆಯಿಂದಲೇ, ಬೇರೆ ಬೇರೆ ಔಟ್‌ಪುಟ್. ಸೌಂಡ್ ಚೆಕ್‌ನಲ್ಲಿ ಸ್ನೇರ್‌ಗೆ ಸ್ವಲ್ಪ ರಿವರ್ಬ್ (ಮಾರ್ದನಿ) ಕೊಟ್ಟೆ. ಅದರ ಜೊತೆ ಕಿಕ್ ಕೂಡ ಗುಂಯ್ ಅನ್ನತೊಡಗಿತು.

ಅವಸರದಲ್ಲಿ ಸ್ನೇರ್ ಚಾನೆಲ್‌ಗೆ ಸಣ್ಣ ಸದ್ದನ್ನು ತಡೆಯುವ ಗೇಟ್ ಹಾಕಿದೆ. ಕಿಕ್ ಏನೋ ಹೋಯಿತು, ಆದರೆ ಸ್ನೇರ್‌ನ ಮೆತ್ತನೆ ಪೆಟ್ಟುಗಳೂ ಹೋದವು. "ಅಣ್ಣಾ, ನಾನು ನುಡಿಸಿದ್ದು ಅರ್ಧ ಕೇಳ್ತಾನೇ ಇಲ್ಲ" ಅಂದ ಡ್ರಮ್ಮರ್ ಹುಡುಗ. ಅವನ ಮಾತು ಸರಿ ಇತ್ತು. ಗೇಟ್ ತೆಗೆದೆ.

ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಸ್ನೇರ್ ಚಾನೆಲ್ ಒಂದನ್ನೇ ಸೋಲೋ ಮಾಡಿ, ಬರೀ ಕಿಕ್ ತುಳಿಯಲು ಹೇಳಿದೆ. ಇಲ್ಲಿ ಕಿವಿಗೆ ಬೀಳುವುದು ಯಾವ ಸದ್ದು ಅನ್ನುವುದೇ ಮುಖ್ಯ. ಕಿಕ್ ತುಳಿದಾಗ ಸ್ನೇರ್ ಸದ್ದೇ ಬಂದರೆ, ಪ್ಯಾಡ್‌ಗಳನ್ನು ಹಿಡಿದಿರುವ ರ್ಯಾಕ್‌ನ ಅದುರಾಟ ಸ್ನೇರ್ ಪ್ಯಾಡ್‌ನ ಸೆನ್ಸರ್ ಮುಟ್ಟಿದೆ ಅಂತ ಅರ್ಥ. ಕಿಕ್ ಸದ್ದೇ ಬಂದರೆ ಪ್ಯಾಡ್‌ನದ್ದೇನೂ ತಪ್ಪಿಲ್ಲ, ಮಾಡ್ಯೂಲ್ ಒಳಗೋ ಕೇಬಲ್‌ನಲ್ಲೋ ಬೆರೆತಿದೆ.

ನಮಗೆ ಬಂದದ್ದು ಕಿಕ್ ಸದ್ದು. ಮೆನು ತೆರೆದು ನೋಡಿದರೆ 1 ಮತ್ತು 2ನೇ ಔಟ್‌ಪುಟ್ ಸ್ಟೀರಿಯೋ ಜೋಡಿಯಾಗಿದ್ದವು. ಎರಡೂ ವಾದ್ಯಗಳ ಪ್ಯಾನ್ (ಎಡ-ಬಲ ಹಂಚಿಕೆ) ನಟ್ಟನಡುವೆ ಇತ್ತು! ಹಾಗಿದ್ದರೆ ಎರಡೂ ಎರಡು ಕಡೆಗೂ ಹೋಗುತ್ತವೆ, ಅಲ್ವಾ? ಕಿಕ್ಕನ್ನು ಪೂರ್ತಿ ಎಡಕ್ಕೆ, ಸ್ನೇರನ್ನು ಪೂರ್ತಿ ಬಲಕ್ಕೆ ತಳ್ಳಿದೆ. ಮಿಕ್ಸರ್‌ನಲ್ಲಿ ಎರಡನ್ನೂ ನಡುವೆ ಇಟ್ಟುಕೊಂಡೆ. ಇನ್ನೂ ತೆಳ್ಳಗೆ ಕಿಕ್‌ನ ಬಾಲ ಕೇಳುತ್ತಿತ್ತು. ಅದು ಮಾಡ್ಯೂಲ್‌ನ ರೂಮ್ ಎಫೆಕ್ಟ್, ಎರಡೂ ಕಡೆಗೆ ಹರಡುತ್ತಿತ್ತು. ಅದನ್ನು ಆಫ್ ಮಾಡಿದ ಮೇಲೆ ಸ್ನೇರ್ ಚಾನೆಲ್ ನಿಶ್ಶಬ್ದ.

ಮಾರನೇ ವಾರ ಇನ್ನೊಂದು ಊರಲ್ಲಿ ಕಿಕ್ ತುಳಿದರೆ ಫ್ಲೋರ್ ಟಾಮ್ ಬಾರಿಸಿದ ಹಾಗೆ ಕೇಳಿತು. ಈ ಸಲ ಪ್ಯಾಡ್‌ದೇ ಸಮಸ್ಯೆ. ರ್ಯಾಕ್‌ನ ಕ್ಲ್ಯಾಂಪ್ ಸಡಿಲಾಗಿತ್ತು, ಬಿಗಿ ಮಾಡಿದೆ. ಉಳಿದದ್ದಕ್ಕೆ ಒಂದು ಪ್ಯಾಡ್‌ನ ಅದುರಾಟಕ್ಕೆ ಇನ್ನೊಂದು ಸದ್ದು ಮಾಡದಂತೆ ತಡೆಯುವ, ಮಾಡ್ಯೂಲ್‌ನ ಕ್ರಾಸ್‌ಟಾಕ್ ಸೆಟ್ಟಿಂಗನ್ನು ಒಂದೊಂದೇ ಹೆಜ್ಜೆ ಏರಿಸಿದೆ. ಇದನ್ನು ಜಾಸ್ತಿ ಮಾಡಬೇಡಿ. ಕಿಕ್ ಮತ್ತು ಟಾಮ್ ಒಟ್ಟಿಗೆ ಬಾರಿಸಿದಾಗ ನಿಜವಾದ ಪೆಟ್ಟನ್ನೇ ಅದು ನುಂಗಿಬಿಡುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಎರಡನ್ನೂ ಒಟ್ಟಿಗೆ, ಮೆತ್ತಗೆ ಬಾರಿಸಿ ನೋಡಿದೆವು. ಟಾಮ್ ತಪ್ಪತೊಡಗಿದ ಜಾಗದಿಂದ ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲೇ ಬಿಟ್ಟೆ.